ಡಿಎನ್ಎ ಸೀಕ್ವೆನ್ಸನ್ನ ಚಿತ್ರ ಮಾಡಿ ಹೋಲಿಸೋದು: ಮಂಗನ ಕಾಯಿಲೆ ವೈರಸ್ ಡೇಟಾಗೆ ಯಾವ ದಾರಿ ಸರಿ?

ಸಾಗರದ_ಹುಡುಗಿ:
ಎಲ್ರಿಗೂ ನಮಸ್ಕಾರ. ನಾನು ಎಂಎಸ್ಸಿ ಬಯೋಟೆಕ್ ಕೊನೇ ವರ್ಷದಲ್ಲಿದೀನಿ, ಪ್ರಾಜೆಕ್ಟ್‌ಗೆ ಮಂಗನ ಕಾಯಿಲೆ ವೈರಸ್ ತಗೊಂಡಿದೀನಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯೋಕೆ ಶುರುವಾದಾಗ ಗೊತ್ತಾದ ಕಾಯಿಲೆ, ನಮ್ಮ ಕಡೆ ಇವತ್ತಿಗೂ ಬೇಸಿಗೆ ಹತ್ರ ಬಂದ್ರೆ ಕಾಡಿಗೆ ಸೊಪ್ಪು ತರೋಕೆ ಹೋಗೋರ ಮನೇಲಿ ಭಯ ಇದ್ದೇ ಇರುತ್ತೆ, ಅದಕ್ಕೇ ಈ ವಿಷಯ. ಈ ವೈರಸ್‌ಗೂ 1995ರಲ್ಲಿ ಸೌದಿ ಅರೇಬಿಯಾದಲ್ಲಿ ಸಿಕ್ಕ ಅಲ್‌ಖುರ್ಮಾ ವೈರಸ್‌ಗೂ ಬಹಳ ಹತ್ತಿರದ ಸಂಬಂಧ ಇದೆ, ಎರಡನ್ನೂ, ಜೊತೆಗೆ ಉಣ್ಣೆ ಹುಳದಿಂದ ಹರಡೋ ಯೂರೋಪಿನ ಮೆದುಳು ಜ್ವರದ ವೈರಸ್ಸನ್ನೂ ಇಟ್ಟು ಹೋಲಿಸ್ಬೇಕು ಅಂತಿದೀನಿ. ಒಂದೊಂದೂ ಸುಮಾರು 11 ಸಾವಿರ ಬೇಸ್, ಅಂದ್ರೆ ಅಕ್ಷರ, ಉದ್ದ. ಇವು ಆರ್‌ಎನ್ಎ ವೈರಸ್‌ಗಳೇ, ಆದ್ರೆ ಡೇಟಾಬೇಸಲ್ಲಿ ಯು ಬದಲು ಟಿ ಹಾಕಿ ಡಿಎನ್ಎ ಅಕ್ಷರದಲ್ಲೇ ಇಟ್ಟಿರ್ತಾರೆ, ಹಾಗಾಗಿ ಲೆಕ್ಕಕ್ಕೆ ವ್ಯತ್ಯಾಸ ಇಲ್ಲ.

ನನ್ನ ಜೊತೆ ಪ್ರಾಜೆಕ್ಟ್ ಮಾಡ್ತಿರೋ ಕಂಪ್ಯೂಟರ್ ಸೈನ್ಸ್ ಹುಡುಗ ಹೇಳ್ತಿರೋದು ಏನಂದ್ರೆ ಎ ಗೆ ಕೆಂಪು, ಸಿ ಗೆ ನೀಲಿ, ಜಿ ಗೆ ಹಳದಿ, ಟಿ ಗೆ ಹಸಿರು ಕೊಟ್ಟು ಒಂದು ಸಾಲಿಗೆ 100 ಪಿಕ್ಸೆಲ್ ಹಾಗೆ ಜೋಡಿಸಿದ್ರೆ 110 ಸಾಲಿನ ಒಂದು ಚಿತ್ರ ಆಗುತ್ತೆ, ಆಮೇಲೆ ಎರಡು ಚಿತ್ರಕ್ಕೆ ಎಸ್‌ಎಸ್‌ಐಎಂ ಅನ್ನೋ ಹೋಲಿಕೆ ಅಳತೆ ಹಾಕಿ ಎಷ್ಟು ಹೋಲುತ್ತೆ ಅಂತ ನೋಡೋಣ ಅಂತ. ಕೇಳೋಕೆ ಚೆನ್ನಾಗಿದೆ, ಆದ್ರೆ ನನಗೆ ಯಾಕೋ ಸಮಾಧಾನ ಆಗ್ತಿಲ್ಲ. ಇಮೇಜ್ ಅನಾಲಿಸಿಸ್ ಗೊತ್ತಿರೋರು ಹೇಳ್ತೀರಾ?

ಪಿಕ್ಸೆಲ್_ಮಾಸ್ತರು:
ನಿಮಗೆ ಸಮಾಧಾನ ಆಗ್ದೇ ಇರೋದು ಸರಿಯಾಗೇ ಇದೆ ಮೇಡಂ. ನಾನು ಹೊಟ್ಟೆಪಾಡಿಗೆ ಮಾಡೋದು ಇಮೇಜ್ ಪ್ರೊಸೆಸಿಂಗೇ, ಆ ಕಡೆಯಿಂದ ಹೇಳ್ತೀನಿ. 500ನೇ ಜಾಗದಲ್ಲಿ ಒಂದೇ ಒಂದು ಬೇಸ್ ಜಾಸ್ತಿ ಸೇರಿದೆ ಅಂದ್ಕೊಳಿ. ಕ್ಯೂನಲ್ಲಿ ನಡುವೆ ಒಬ್ಬ ನುಗ್ಗಿದ್ರೆ ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿಯೋ ಹಾಗೆ ಉಳಿದ ಹತ್ತೂವರೆ ಸಾವಿರ ಬೇಸೂ ಒಂದು ಪಿಕ್ಸೆಲ್ ಪಕ್ಕಕ್ಕೆ ಹೋಗುತ್ತೆ, ಅಲ್ಲಿಂದಾಚೆ ಎರಡು ಚಿತ್ರದ ಬಣ್ಣ ಹೊಂದೋದು ನಾಲ್ಕಕ್ಕೆ ಒಂದು ಸಲ, ಅಂದ್ರೆ ಬರೀ ಅದೃಷ್ಟದ ಮಟ್ಟ. ವೈರಸ್ ಬದಲಾಗಿರೋದು ಒಂದೇ ಅಕ್ಷರ, ನಿಮ್ಮ ಸ್ಕೋರ್ ಹೇಳೋದು ಇವೆರಡಕ್ಕೂ ಸಂಬಂಧವೇ ಇಲ್ಲ ಅಂತ.

ಇನ್ನೊಂದು, ಫೋಟೋದಲ್ಲಿ ಒಂದು ಪಿಕ್ಸೆಲ್‌ಗೂ ಅದರ ಮೇಲಿನ ಪಿಕ್ಸೆಲ್‌ಗೂ ಸಂಬಂಧ ಇರುತ್ತೆ, ಒಂದೇ ಗೋಡೆಯ ಎರಡು ಚುಕ್ಕಿ ಅವು. ನಿಮ್ಮ ಚಿತ್ರದಲ್ಲಿ ಮೇಲಿನ ಪಿಕ್ಸೆಲ್ ಅಂದ್ರೆ 100 ಬೇಸ್ ಹಿಂದಿಂದು, ಆ 100 ಅನ್ನೋದು ನೀವು ಆರಿಸಿದ ಅಗಲ ಅಷ್ಟೇ, 97 ಇಟ್ಟಿದ್ರೆ ಬೇರೆ ಚಿತ್ರ ಬರ್ತಿತ್ತು. ಎಸ್‌ಎಸ್‌ಐಎಂ 2004ರಲ್ಲಿ ಬಂದಿದ್ದು ಮನುಷ್ಯನ ಕಣ್ಣಿಗೆ ಎರಡು ಫೋಟೋ ಎಷ್ಟು ಒಂದೇ ಥರ ಕಾಣುತ್ತೆ ಅಂತ ಅಳೆಯೋಕೆ, ಅದು ಪುಟ್ಟ ಪುಟ್ಟ ಕಿಟಕಿ ಇಟ್ಟು ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ, ಏರಿಳಿತ ನೋಡುತ್ತೆ. ಅಕ್ಕಪಕ್ಕಕ್ಕೇ ಅರ್ಥ ಇಲ್ದಿದ್ರೆ ಅದು ಅಳೆಯೋದಾದ್ರೂ ಏನನ್ನ? ಬಣ್ಣದ್ದೂ ಅದೇ ಕಥೆ. ಕೆಲವರು ಎ=1, ಸಿ=2, ಜಿ=3, ಟಿ=4 ಅಂತ ಹಾಕ್ತಾರೆ, ಅಲ್ಲಿಗೆ ಎ ಯಿಂದ ಟಿ ಮೂರು ಮೆಟ್ಟಿಲು ದೂರ, ಸಿ ಒಂದೇ ಮೆಟ್ಟಿಲು ಅಂತ ಆಗೋಯ್ತು. ಜೀವಶಾಸ್ತ್ರದಲ್ಲಿ ಎ-ಜಿ ನಡುವೆ ಮತ್ತೆ ಸಿ-ಟಿ ನಡುವೆ ಅದಲುಬದಲು ಸುಲಭ, ಉಳಿದವು ಕಮ್ಮಿ, ಅಲ್ವಾ? ನೀವು ಕೊಟ್ಟ ನಂಬರ್ ಅದನ್ನ ಹೇಳ್ತಾನೇ ಇಲ್ಲ.

ಚಿತ್ರ ಮಾಡ್ಬೇಡಿ ಅಂತಲ್ಲ. ಚಿತ್ರದಲ್ಲಿ ಹತ್ತಿರ, ದೂರ, ಗೆರೆ, ಖಾಲಿ ಜಾಗ ಅಂತ ಕಾಣೋದಕ್ಕೆಲ್ಲ ಸೀಕ್ವೆನ್ಸಲ್ಲೂ ಒಂದು ಅರ್ಥ ಇರೋ ಥರ ಚಿತ್ರ ಮಾಡಿ ಅಂತ.

ಧಾರವಾಡದಾವ:
ಮಾಸ್ತರ ಖರೇ ಹೇಳ್ಯಾರ. ತಂಗಿ, ನೀ ಮೊದಲ ಡಾಟ್ ಪ್ಲಾಟ್ ಹಾಕು. 1970ರಾಗ ಗಿಬ್ಸ್ ಮತ್ತ ಮೆಕಿಂಟೈರ್ ಅನ್ನೋರು ಮಾಡಿದ್ದು, ಗಿಬ್ಸ್ ಅವರು ವೈರಸ್ ಮ್ಯಾಲೇ ಕೆಲಸ ಮಾಡಾವ್ರು. ಒಂದು ಸೀಕ್ವೆನ್ಸ್ ಅಡ್ಡ ಇಡೂದು, ಇನ್ನೊಂದು ಉದ್ದಕ ಇಡೂದು, ಎಲ್ಲೆ ಅಕ್ಷರ ಹೊಂದತಾವ ಅಲ್ಲೆ ಒಂದು ಚುಕ್ಕಿ. ಎರಡೂ ಒಂದ ಥರ ಇದ್ವು ಅಂದ್ರ ಮೂಲಿಯಿಂದ ಮೂಲಿಗೆ ಓರೆ ಗೆರಿ ಬರ್ತದ. ನಡುವ ಬೇಸ್ ಸೇರಿದ್ರ ಗೆರಿ ಅಲ್ಲೆ ಒಂಚೂರ ಪಕ್ಕಕ್ಕ ಜಿಗದು ಮತ್ತ ಮುಂದ ಹೊಕ್ಕದ, ಮಾಸ್ತರ ಹೇಳಿದ ತ್ರಾಸ ಇಲ್ಲೆ ಇರೂದ ಇಲ್ಲ. ಒಂದ ತುಣುಕು ಎರಡ ಸಲ ಬಂದಿದ್ರ ಜೋಡಿ ಗೆರಿ. ತುಣುಕು ತಿರುವಿ ಕುಂತಿದ್ರ, ಎದುರಿನ ಎಳಿನೂ ಸೇರಿಸಿ ಚುಕ್ಕಿ ಹಾಕಿದ್ರ, ಗೆರಿ ಉಲ್ಟಾ ಓರೆ ಆಗಿ ಕಾಣಸ್ತದ.

ಈಗ ನಿಂದ ಲೆಕ್ಕ ಹಾಕೂಣು. 11 ಸಾವಿರಕ್ಕ 11 ಸಾವಿರ ಅಂದ್ರ 12 ಕೋಟಿ 10 ಲಕ್ಷ ಮನಿ. ಒಂದೊಂದ ಅಕ್ಷರ ಹೊಂದಿಸಿದ್ರ ಬರೇ ಅದೃಷ್ಟದಿಂದನ ನಾಲ್ಕರಾಗ ಒಂದು, ಅಂದ್ರ 3 ಕೋಟಿ ಚುಕ್ಕಿ. ಚಿತ್ರ ಪೂರಾ ಬೂದಿ ಬಣ್ಣ, ಏನೂ ಕಾಣೂದಿಲ್ಲ. ಅದಕ್ಕ 1981ರಾಗ ಮೈಜೆಲ್ ಮತ್ತ ಲೆಂಕ್ ಕಿಟಕಿ ಇಟ್ಟು ಸೋಸೂದು ತಂದ್ರು. ಬರೊಬ್ಬರಿ 10 ಅಕ್ಷರ ಸಾಲಾಗಿ ಹೊಂದಿದ್ರ ಮಾತ್ರ ಚುಕ್ಕಿ ಇಡ್ತೀನಿ ಅಂತ ಹಟ ಹಿಡದ್ರ, ಅದೃಷ್ಟದ ಪಾಲು ನಾಲ್ಕರ ಹತ್ತನೇ ಘಾತ, ಅಂದ್ರ ಹತ್ತ ಲಕ್ಷದ ಮ್ಯಾಲ ಚಿಲ್ಲರಿಗೆ ಒಂದು. 3 ಕೋಟಿ ಇದ್ದಿದ್ದು ನೂರಾ ಹದಿನೈದು ಚುಕ್ಕಿಗೆ ಇಳಿತದ ನೋಡು!

ಅದೇ ನಿಜವಾದ ಗೆರಿ ಮ್ಯಾಲ ಏನಾಕ್ಕದ? ಎರಡ ವೈರಸ್ ನೂರಕ್ಕ 90 ಹೊಂದತಾವ ಅಂತ ಹಿಡಿ, 10 ಸಾಲಾಗಿ ಹೊಂದೋ ಸಾಧ್ಯತಾ 0.9ರ ಹತ್ತನೇ ಘಾತ, 0.35. ಗೆರಿ ಮ್ಯಾಲ ಮೂರೂವರಿ ಸಾವಿರದ ಮ್ಯಾಲ ಚುಕ್ಕಿ ಉಳಿತಾವ, ಗಟ್ಟಿ ಗೆರಿ. ನೂರಕ್ಕ 75 ಹೊಂದತಾವ ಅಂದ್ರ 0.056, ಆರನೂರ ಚಿಲ್ಲರ ಚುಕ್ಕಿ ಅಷ್ಟ, ಗೆರಿ ಹರಕು ಮುರಕು. ಅದಕ್ಕ ದೂರದ ವೈರಸ್ಸಿಗೆ ಅಷ್ಟ ಹಟ ಮಾಡಬ್ಯಾಡ, 20ರ ಕಿಟಕಿ ಇಟ್ಟು 14 ಹೊಂದಿದ್ರ ಸಾಕು ಅಂತ ಸಡಿಲ ಬಿಡು. ಆಮ್ಯಾಲ ಗೆರಿ ಹುಡುಕಾಕ ಮಾಸ್ತರ ಕಡೆ ಹಫ್ ಟ್ರಾನ್ಸ್‌ಫಾರ್ಮ್ ಐತಲ್ಲ, ಅದು ಹರದ ಗೆರಿನೂ ಹಿಡಿತದ.

ಬ್ಲಾಸ್ಟ್_ಸಾಕು:
ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. 11 ಸಾವಿರ ಬೇಸಿನ ಮೂರು ಸೀಕ್ವೆನ್ಸ್‌ಗೆ ಇಷ್ಟೆಲ್ಲ ಯಾಕೆ ಬೇಕು? ಸೀಕ್ವೆನ್ಸ್‌ಗಳನ್ನ ಅಕ್ಷರಕ್ಕೆ ಅಕ್ಷರ ಜೋಡಿಸಿ ನೋಡೋಕೆ, ಅಂದ್ರೆ ಅಲೈನ್‌ಮೆಂಟ್‌ಗೆ, ನೀಡಲ್‌ಮನ್-ವುನ್ಶ್ 1970ರಿಂದ ಇದೆ, ಸ್ಮಿತ್-ವಾಟರ್‌ಮನ್ 1981, ಬ್ಲಾಸ್ಟ್ 1990. ಲ್ಯಾಪ್‌ಟಾಪಲ್ಲೇ ಅಲೈನ್‌ಮೆಂಟ್ ಬೇಗ ಮುಗಿಯುತ್ತೆ, ಯಾವ ಜಾಗದಲ್ಲಿ ಯಾವ ಅಕ್ಷರ ಬದಲಾಗಿದೆ ಅಂತ ಕರಾರುವಾಕ್ಕಾಗಿ ಸಿಗುತ್ತೆ. ಚಿತ್ರ ನೋಡೋಕೆ ಚಂದ, ವಿಷಯ ಏನ್ ಜಾಸ್ತಿ ಸಿಗುತ್ತೆ?

ಹಳೇ_ಜೀನೋಮ್:
ಸರ್, ಈ ಮೂರು ವೈರಸ್‌ಗೆ ಅಲೈನ್‌ಮೆಂಟೇ ಮುಖ್ಯ ಫಲಿತಾಂಶ ಆಗ್ಬೇಕು, ಅದು ನಾನೂ ಒಪ್ತೀನಿ. ಹುಡುಗಿ ಅದನ್ನ ಬಿಡೋ ಹಾಗಿಲ್ಲ. ಆದ್ರೆ ಅಲೈನ್‌ಮೆಂಟ್ ಅಂದ್ರೆ ಎರಡೂ ಸೀಕ್ವೆನ್ಸ್ ಒಂದೇ ಕ್ರಮದಲ್ಲಿ ಸಾಗುತ್ತೆ ಅಂತ ಮೊದಲೇ ನಂಬ್ಕೊಂಡು ಶುರು ಮಾಡೋದು. ಆ ನಂಬಿಕೆ ಮುರಿದಲ್ಲಿ ಚಿತ್ರ ಬೇಕಾಗುತ್ತೆ. ನನಗೆ ಬಹಳ ಇಷ್ಟವಾದ ಉದಾಹರಣೆ 2000ದಲ್ಲಿ ಬಂದ ಐಸನ್ ಮತ್ತವರ ತಂಡದ ಕೆಲಸ, ಕಾಲರಾ ಬ್ಯಾಕ್ಟೀರಿಯಾ ಮತ್ತೆ ಇ. ಕೋಲೈ ಥರದ ಜೀನೋಮ್‌ಗಳನ್ನ ಪೂರ್ತಿ ಪೂರ್ತಿ ಎದುರುಬದುರು ಇಟ್ಟು ಚುಕ್ಕಿ ಹಾಕಿದಾಗ ಒಂದು ಓರೆ ಗೆರೆ ಬದಲು ಇಂಗ್ಲಿಷ್ ಎಕ್ಸ್ ಅಕ್ಷರದ ಆಕಾರ ಎದ್ದು ಬಂತು. ಯಾಕಪ್ಪಾ ಅಂದ್ರೆ, ಡಿಎನ್ಎ ನಕಲು ಶುರುವಾಗೋ ಜಾಗದ ಎರಡೂ ಕಡೆ ಸಮಸಮವಾಗಿ ತುಣುಕುಗಳು ಮತ್ತೆ ಮತ್ತೆ ತಿರುಗಿ ಕೂತಿವೆ, ಜೀನ್ ಇರೋ ಕಡೆ ಬದಲಾದ್ರೂ ಆ ಶುರುವಿನ ಜಾಗದಿಂದ ಇರೋ ದೂರ ಹೆಚ್ಚುಕಮ್ಮಿ ಹಾಗೇ ಉಳಿದಿದೆ. ಅಕ್ಷರ ಅಕ್ಷರ ಜೋಡಿಸ್ತಾ ಕೂತಿದ್ರೆ ಇದು ಕಣ್ಣಿಗೆ ಬೀಳೋದು ಬಹಳ ಕಷ್ಟ ಇತ್ತು, ಚಿತ್ರದಲ್ಲಿ ತಾನಾಗೇ ಕಂಡ್ತು.

ಕೋಡ್_ಬೆಳದಿಂಗಳು:
ಹಾಗಾದ್ರೆ ಗೂಗಲ್‌ನವರು ಡೀಪ್‌ವೇರಿಯಂಟ್ ಮಾಡಿದ್ರಲ್ಲ, ಜೀನೋಮಲ್ಲಿ ಬದಲಾದ ಅಕ್ಷರ ಗುರುತಿಸೋ ಪ್ರೋಗ್ರಾಂ? ಅದ್ರಲ್ಲೂ ಡಿಎನ್ಎನ ಪಿಕ್ಸೆಲ್ ಮಾಡಿ, ಚಿತ್ರ ನೋಡಿ ಕಲಿಯೋ ನ್ಯೂರಲ್ ನೆಟ್‌ವರ್ಕ್ ಸಿಎನ್ಎನ್‌ಗೆ ಕೊಟ್ಟಿದ್ದೇ. ಅಲ್ಲಿ ವರ್ಕ್ ಆಗಿದ್ದು ಇಲ್ಲಿ ಯಾಕೆ ಆಗಲ್ಲ?

ಪಿಕ್ಸೆಲ್_ಮಾಸ್ತರು:
ಒಳ್ಳೆ ಪ್ರಶ್ನೆ, ಇದು ನನ್ನ ಮಾತಿಗೇ ಸಾಕ್ಷಿ. ಡೀಪ್‌ವೇರಿಯಂಟ್ 2016ರಲ್ಲಿ ಪ್ರಿಸಿಷನ್‌ಎಫ್‌ಡಿಎ ಸ್ಪರ್ಧೆಯಲ್ಲಿ ಒಂದಕ್ಷರದ ಬದಲಾವಣೆ ಗುರುತಿಸೋದಕ್ಕೆ ಬಹುಮಾನ ತಗೊಂಡ್ತು, 2018ರಲ್ಲಿ ನೇಚರ್ ಬಯೋಟೆಕ್ನಾಲಜಿಯಲ್ಲಿ ಪ್ರಬಂಧ ಬಂತು. ಅದರ ಚಿತ್ರ 221 ಕಾಲಂ ಅಗಲ, 100 ಸಾಲು ಎತ್ತರ. ಮೇಲಿನ ಒಂದಷ್ಟು ಸಾಲು ರೆಫರೆನ್ಸ್, ಅಂದ್ರೆ ಹೋಲಿಸೋಕೆ ಇಟ್ಕೊಂಡ ಮಾದರಿ ಜೀನೋಮ್, ಕೆಳಗೆಲ್ಲ ಸೀಕ್ವೆನ್ಸರ್‌ನಿಂದ ಬಂದ ತುಣುಕುಗಳು, ಒಂದು ತುಣುಕಿಗೆ ಒಂದು ಸಾಲು. ಚಾನಲ್ ಆರು: ಯಾವ ಬೇಸು, ಅದನ್ನ ಮಷೀನ್ ಎಷ್ಟು ಖಚಿತವಾಗಿ ಓದಿದೆ, ತುಣುಕು ಸರಿಯಾದ ಜಾಗದಲ್ಲೇ ಕೂತಿದ್ಯಾ, ಯಾವ ಎಳೆ, ಹೊಸ ಅಕ್ಷರದ ಪರವಾಗಿದ್ಯಾ, ರೆಫರೆನ್ಸ್‌ಗಿಂತ ಬೇರೆನಾ ಅಂತ.

ಇಲ್ಲಿ ಗಮನಿಸಿ, ತುಣುಕುಗಳನ್ನ ಮೊದಲೇ ಅಲೈನ್ ಮಾಡಿ ಆಗಿದೆ. ಒಂದು ಕಾಲಂ ಅಂದ್ರೆ ಜೀನೋಮಿನ ಒಂದೇ ಜಾಗ, ಮೇಲಿಂದ ಕೆಳಗೆ ನೋಡಿದ್ರೆ ಅದೇ ಜಾಗದ ಬಗ್ಗೆ ಬೇರೆ ಬೇರೆ ತುಣುಕು ಏನ್ ಹೇಳ್ತಿದೆ ಅನ್ನೋದು. ಕಾಲಂಗೂ ಸಾಲಿಗೂ ಅರ್ಥ ಇದೆ, ಅದಕ್ಕೇ ಸಿಎನ್ಎನ್ ಕಲೀತು. ನೂರು ಪಿಕ್ಸೆಲ್‌ಗೊಂದು ಸಾಲು ಅಂತ ಮಡಚಿದ ಚಿತ್ರಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಸಾಗರದ_ಹುಡುಗಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಧಾರವಾಡದ ಅಣ್ಣನ ಲೆಕ್ಕ ನೋಟ್‌ಬುಕ್ಕಿಗೆ ಇಳಿಸ್ಕೊಂಡೆ. ನಮ್ಮ ಗೈಡ್ ಕೇಯಾಸ್ ಗೇಮ್ ಅಂತ ಒಂದರ ಹೆಸರು ಹೇಳಿದ್ರು, ಅದ್ರಲ್ಲಿ ಅಲೈನ್‌ಮೆಂಟೇ ಬೇಡ್ವಂತೆ. ಅದು ಹೇಗೆ ಅಂತ ಯಾರಾದ್ರೂ ಬಿಡಿಸಿ ಹೇಳಿ.

ಹಳೇ_ಜೀನೋಮ್:
ಹೇಳ್ತೀನಮ್ಮಾ, ಸ್ವಲ್ಪ ಉದ್ದ ಆಗುತ್ತೆ. 1990ರಲ್ಲಿ ಜೆಫ್ರಿ ಅನ್ನೋರು ಶುರು ಮಾಡಿದ್ದು. ಒಂದು ಚೌಕ ಬರಿ, ಎಡ ಕೆಳಗಿನ ಮೂಲೆ ಎ, ಎಡ ಮೇಲೆ ಸಿ, ಬಲ ಮೇಲೆ ಜಿ, ಬಲ ಕೆಳಗೆ ಟಿ. ಚೌಕದ ಮಧ್ಯದಿಂದ ಹೊರಡು, ಸೀಕ್ವೆನ್ಸಲ್ಲಿ ಮೊದಲ ಅಕ್ಷರ ಯಾವುದೋ ಆ ಮೂಲೆ ಕಡೆ ಅರ್ಧ ದಾರಿ ಹೋಗಿ ಚುಕ್ಕಿ ಇಡು, ಅಲ್ಲಿಂದ ಮುಂದಿನ ಅಕ್ಷರದ ಮೂಲೆ ಕಡೆ ಮತ್ತೆ ಅರ್ಧ ದಾರಿ, ಹೀಗೇ ಕೊನೇ ತನಕ. ಇದರ ಸೊಗಸು ಏನಂದ್ರೆ ಚುಕ್ಕಿ ಯಾವ ಕಾಲು ಭಾಗದಲ್ಲಿದೆ ಅಂತ ನೋಡಿದ್ರೆ ಕೊನೇ ಅಕ್ಷರ ಗೊತ್ತಾಗುತ್ತೆ, ಆ ಕಾಲು ಭಾಗದೊಳಗೆ ಯಾವ ಕಾಲು ಅಂತ ನೋಡಿದ್ರೆ ಅದರ ಹಿಂದಿನ ಅಕ್ಷರ, ಅದರೊಳಗೆ ಮತ್ತೆ ಅದರ ಹಿಂದಿಂದು. ಒಂದು ಚುಕ್ಕಿ ಇರೋ ಜಾಗದಲ್ಲೇ ಅಲ್ಲೀವರೆಗಿನ ಪೂರ್ತಿ ಇತಿಹಾಸ ಅಡಗಿರುತ್ತೆ!

ಜೆಫ್ರಿ ಮನುಷ್ಯನ ಬೀಟಾ ಗ್ಲೋಬಿನ್ ಜೀನ್ ಇರೋ ಭಾಗಕ್ಕೆ ಇದನ್ನ ಹಾಕಿದಾಗ ಜಿ ಮೂಲೆಯ ಕಾಲು ಭಾಗದಲ್ಲಿ, ಸಿ ಕಡೆಗಿನ ಪುಟ್ಟ ಚೌಕ ಹೆಚ್ಚುಕಮ್ಮಿ ಖಾಲಿ ಬಂತು, ಅದೇ ಖಾಲಿ ಜಾಗದ ನಕಲುಗಳು ಚಿಕ್ಕದಾಗ್ತಾ ಚಿತ್ರದ ತುಂಬಾ. ಅಂದ್ರೆ ಸಿ ಆದಮೇಲೆ ಜಿ ಬರೋದು ಬಹಳ ಅಪರೂಪ. ಕಾರಣ, ನಮ್ಮ ಜೀನೋಮಲ್ಲಿ ಜಿ ಪಕ್ಕದ ಸಿ ಗೆ ಮೀಥೈಲ್ ಗುಂಪು ಅಂಟ್ಕೊಳ್ಳುತ್ತೆ, ಅಂಥ ಸಿ ಸುಲಭವಾಗಿ ಟಿ ಆಗಿಬಿಡುತ್ತೆ, ಕೋಟ್ಯಂತರ ವರ್ಷದಲ್ಲಿ ಸಿಜಿ ಜೋಡಿ ಸವೆದು ಇರಬೇಕಾದ್ದರ ಸುಮಾರು ಐದನೇ ಒಂದು ಭಾಗಕ್ಕೆ ಬಂದಿದೆ. ಒಂದು ರಾಸಾಯನಿಕ ಕ್ರಿಯೆ ಹೀಗೆ ಖಾಲಿ ಚೌಕವಾಗಿ ಕಣ್ಣಿಗೆ ಕಾಣೋದಿದೆಯಲ್ಲ, ಅದನ್ನ ಇವತ್ತಿಗೂ ವಿದ್ಯಾರ್ಥಿಗಳಿಗೆ ತೋರಿಸೋವಾಗ ನನಗೆ ರೋಮಾಂಚನ ಆಗುತ್ತೆ.

ಹೋಲಿಸೋಕೆ ಚೌಕವನ್ನ ಮನೆ ಮಾಡಿ ಎಣಿಸ್ಬೇಕು. ಕೆ ಅಕ್ಷರದ ತುಂಡು, ಅಂದ್ರೆ ಕೆ-ಮರ್, ಒಟ್ಟು ನಾಲ್ಕರ ಕೆ ಘಾತದಷ್ಟಿರುತ್ತೆ, ಒಂದೊಂದಕ್ಕೂ ಒಂದು ಮನೆ. ಎಷ್ಟು ಸಲ ಬಂದಿದೆ ಅನ್ನೋದೇ ಪಿಕ್ಸೆಲ್‌ನ ಗಾಢತೆ. ಉದ್ದ ಬೇರೆ ಬೇರೆ ಇದ್ರೂ ಒಟ್ಟು ಸಂಖ್ಯೆಯಿಂದ ಭಾಗಿಸಿಬಿಟ್ರೆ ಚಿತ್ರದ ಅಳತೆ ಒಂದೇ. ಒಂದು ಬೇಸ್ ಸೇರಿದ್ರೆ ಬದಲಾಗೋದು ಕೆಲವೇ ಮನೆಯ ಎಣಿಕೆ, ಉಳಿದದ್ದು ಅಲುಗಾಡಲ್ಲ. 1999ರಲ್ಲಿ ಡೆಷವಾನ್ ತಂಡ ತೋರಿಸಿದ್ದು ಇನ್ನೂ ಚೆಂದ, ಒಂದು ಜೀವಿಯ ಜೀನೋಮಿಂದ ಚಿಕ್ಕ ತುಂಡು ತಗೊಂಡ್ರೂ ಇಡೀ ಜೀನೋಮಿನ ಚಿತ್ರದ ಲಕ್ಷಣ ಅದ್ರಲ್ಲೂ ಕಾಣುತ್ತೆ, ಸಹಿ ಇದ್ದ ಹಾಗೆ. ಆಮೇಲೆ ಕೆನಡಾದ ಲೀಲಾ ಕಾರಿ ಅವರ ತಂಡ ಸಾವಿರಾರು ಜೀವಿಗಳ ಮೈಟೊಕಾಂಡ್ರಿಯ ಡಿಎನ್ಎಗೆ ಇಂಥ ಚಿತ್ರ ಮಾಡಿ, ಎಸ್‌ಎಸ್‌ಐಎಂ ಥರದ ಅಳತೆಯಿಂದಲೇ ದೂರ ಲೆಕ್ಕ ಹಾಕಿ ಜೀವಿಗಳ ನಕ್ಷೆ ಮಾಡ್ತು. ಅಂದ್ರೆ ನಿನ್ನ ಗೆಳೆಯನ ಅಳತೆಗೋಲು ಪೂರ್ತಿ ಬಿಸಾಕೋ ಅಂಥದ್ದಲ್ಲ, ಚಿತ್ರ ಬದಲಾಯಿಸ್ಬೇಕು ಅಷ್ಟೇ.

ಪಿಕ್ಸೆಲ್_ಮಾಸ್ತರು:
ಮೇಡಂ ಬರೆದಿದ್ದು ಬಹಳ ಚೆನ್ನಾಗಿದೆ, ಆದ್ರೆ ಇಲ್ಲೂ ಒಂದು ಎಚ್ಚರಿಕೆ ಹೇಳ್ಲೇಬೇಕು. ಈ ಚೌಕದಲ್ಲೂ ಪಕ್ಕಪಕ್ಕದ ಮನೆ ಅಂದ್ರೆ ಯಾವಾಗ್ಲೂ ಹತ್ತಿರದ ಕೆ-ಮರ್ ಅಂತಲ್ಲ. ಕೆ 4 ಇಟ್ಟು ಕೆಳ ಅಂಚಲ್ಲಿ ಸರಿಯಾಗಿ ಮಧ್ಯದ ಎರಡು ಮನೆ ನೋಡಿ, ಎಡಗಡೆದು ಟಿಟಿಟಿಎ, ಬಲಗಡೆದು ಎಎಎಟಿ. ಗೋಡೆಗೆ ಗೋಡೆ ತಾಗಿದೆ, ಒಂದು ಅಕ್ಷರವೂ ಹೊಂದಲ್ಲ! ಎಸ್‌ಎಸ್‌ಐಎಂ ಕಿಟಕಿ, ಸಿಎನ್ಎನ್ ಫಿಲ್ಟರ್ ಎರಡೂ ಈ ಮಧ್ಯಗೆರೆ ದಾಟಿ ಎರಡೂ ಕಡೆ ಸೇರಿಸಿಬಿಡುತ್ತೆ. ಅದಕ್ಕೆ ನನ್ನ ಅಭಿಪ್ರಾಯ, ಮೊದಲು ಸಾದಾ ಯೂಕ್ಲಿಡ್ ದೂರ ಇಲ್ಲಾ ಕೋರಿಲೇಷನ್ ಹಾಕಿ, ಅದು ಮನೆಗೆ ಮನೆ ಹೋಲಿಸುತ್ತೆ, ಅಕ್ಕಪಕ್ಕದ ಹಂಗಿಲ್ಲ. ಆಮೇಲೆ ಎಸ್‌ಎಸ್‌ಐಎಂ ಹಾಕಿ ಎರಡರ ಫಲಿತಾಂಶದಲ್ಲಿ ಎಲ್ಲಿ ವ್ಯತ್ಯಾಸ ಬರುತ್ತೆ ನೋಡಿ.

ಬ್ಲಾಸ್ಟ್_ಸಾಕು:
ಇದು ಕೊನೆಗೆ ಕೆ-ಮರ್ ಎಣಿಕೆನೇ ಅಲ್ವಾ? 1993ರಲ್ಲೇ ಗೋಲ್ಡ್‌ಮನ್ ಹೇಳಿದ್ರಲ್ಲ, ಜೆಫ್ರಿ ಚಿತ್ರದಲ್ಲಿ ಕಾಣೋ ವಿನ್ಯಾಸವನ್ನ ಎರಡಕ್ಷರ, ಮೂರಕ್ಷರದ ಎಣಿಕೆಯಿಂದಲೇ ವಿವರಿಸ್ಬಹುದು ಅಂತ. ಇನ್ನೂ ಮುಖ್ಯವಾದ್ದು ಇದೆ. ಕಶೇರುಕಗಳಿಗೆ ತಗಲೋ ಬಹಳಷ್ಟು ಆರ್‌ಎನ್ಎ ವೈರಸ್‌ಗಳಲ್ಲೂ ಸಿಜಿ ಕಮ್ಮಿ, ಆದ್ರೆ ಅಲ್ಲಿ ಕಾರಣ ಮೀಥೈಲ್ ಅಲ್ಲ. ನಮ್ಮ ಜೀವಕೋಶದ ಜ್ಯಾಪ್ ಅನ್ನೋ ಪ್ರೋಟೀನ್ ಸಿಜಿ ಜಾಸ್ತಿ ಇರೋ ಆರ್‌ಎನ್ಎನ ಹಿಡಿಯುತ್ತೆ ಅಂತ 2017ರಲ್ಲಿ ಎಚ್ಐವಿ ಮೇಲೆ ಮಾಡಿದ ಕೆಲಸದಲ್ಲಿ ಗೊತ್ತಾಯ್ತು. ಹಾಗಿರೋವಾಗ ಎರಡು ವೈರಸ್ ಚಿತ್ರ ಒಂದೇ ಥರ ಕಂಡ್ರೆ ಅವು ಒಂದೇ ವಂಶ ಅಂತ ಹೇಗೆ ಹೇಳೋದು? ಒಂದೇ ಥರದ ಪ್ರಾಣಿಯಲ್ಲಿ ಬದುಕ್ತಿವೆ ಅನ್ನೋ ಕಾರಣಕ್ಕೂ ಹಾಗೆ ಕಾಣ್ಬಹುದಲ್ವಾ?

ಹಳೇ_ಜೀನೋಮ್:
ಈ ಥ್ರೆಡ್ಡಲ್ಲಿ ಬಂದ ಅತ್ಯಂತ ಬೆಲೆಬಾಳೋ ಪ್ರಶ್ನೆ ಇದು ಸರ್. ಹೌದು, ಈ ಚಿತ್ರ ಹೇಳೋದು ಬರವಣಿಗೆಯ ಶೈಲಿಯನ್ನ, ವಂಶಾವಳಿಯನ್ನಲ್ಲ, ಎರಡೂ ಬಹಳ ಸಲ ಜೊತೆಗೇ ಹೋಗುತ್ತೆ, ಕೆಲವು ಸಲ ಬೇರೆಯಾಗುತ್ತೆ. ಅದಕ್ಕೊಂದು ಪರೀಕ್ಷೆ ಇದೆ. ಆಲ್ಟ್‌ಶುಲ್ ಮತ್ತೆ ಎರಿಕ್ಸನ್ 1985ರಲ್ಲಿ ಕೊಟ್ಟ ವಿಧಾನದಲ್ಲಿ, ಎರಡಕ್ಷರದ ಎಣಿಕೆ ಅಷ್ಟಕ್ಕಷ್ಟೇ ಉಳಿಸಿ ಸೀಕ್ವೆನ್ಸನ್ನ ಕಲಸಬಹುದು. ಹುಡುಗಿ, ನೀನು ಒಂದು ವೈರಸ್ಸನ್ನ ಹಾಗೆ ನೂರಾರು ಸಲ ಕಲಸಿ, ಪ್ರತಿ ಸಲ ಇನ್ನೊಂದರ ಜೊತೆ ದೂರ ಅಳಿ. ಕಲಸಿದ್ದರ ಜೊತೆಗೂ ಅಷ್ಟೇ ಹತ್ತಿರ ಬಂದ್ರೆ ನಿನಗೆ ಕಂಡ ಹೋಲಿಕೆ ಬರೀ ಜೋಡಿ ಅಕ್ಷರದ್ದು. ನಿಜವಾದ ಸೀಕ್ವೆನ್ಸ್ ಜೊತೆ ಇನ್ನೂ ಹತ್ತಿರ ಬಂದ್ರೆ ಆಗ ಅದಕ್ಕೆ ಮೀರಿದ್ದು ಏನೋ ಇದೆ ಅಂತ ಧೈರ್ಯವಾಗಿ ಬರಿಬಹುದು. ಈ ಪರೀಕ್ಷೆ ಇಲ್ದೇ ಬಣ್ಣಬಣ್ಣದ ಚಿತ್ರ ಹಾಕೋ ಪ್ರಬಂಧಗಳನ್ನ ನಾನು ಒಪ್ಪಲ್ಲ.

ನಮ್ಮ ದೇಶದ ಕೆಲಸನೂ ನೋಡು. 1994ರಲ್ಲಿ ಕೋಲ್ಕತ್ತದ ಆಶೇಷ್ ನಂದಿ ಅವರು ಬೆಂಗಳೂರಿಂದ ಹೊರಡೋ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಗ್ಲೋಬಿನ್ ಜೀನ್‌ಗಳಿಗೆ ನಡಿಗೆ ಥರದ ಚಿತ್ರ ಕೊಟ್ಟಿದ್ರು, ಎ ಬಂದ್ರೆ ಎಡಕ್ಕೆ, ಜಿ ಬಂದ್ರೆ ಬಲಕ್ಕೆ, ಸಿ ಗೆ ಮೇಲೆ, ಟಿ ಗೆ ಕೆಳಗೆ ಒಂದೊಂದು ಹೆಜ್ಜೆ. ಎಜಿಎಜಿ ಅಂತ ಬಂದ್ರೆ ಇದ್ದಲ್ಲೇ ಹಿಂದೆಮುಂದೆ ಓಡಾಡಿ ಮಾಹಿತಿ ಕಳೆಯುತ್ತೆ ಅನ್ನೋದು ಅದರ ತೊಡಕು, ಆದ್ರೆ ಉದ್ದ ಸೀಕ್ವೆನ್ಸಿನ ಒಟ್ಟಾರೆ ಓಟ ಒಂದೇ ನೋಟಕ್ಕೆ ಸಿಗುತ್ತೆ.

ಧಾರವಾಡದಾವ:
ಇನ್ನೊಂದು ಹೇಳತೀನಿ. ಎರಡ ಫೋಟೋ ಎಷ್ಟ ಸರದಾವ ಅಂತ ನೋಡಾಕ ಮಾಸ್ತರ ಮಂದಿ ಎಫ್‌ಎಫ್‌ಟಿ ಹಾಕ್ತಾರಲ್ಲ, ಎಲ್ಲಾ ಸರಿತಾನೂ ಒಮ್ಮೆಲೆ ಲಗೂನ ಲೆಕ್ಕ ಹಾಕೋ ಗಣಿತ, ಅದು ಸೀಕ್ವೆನ್ಸಿಗೂ ನಡಿತದ, 1982ರಾಗನ ಫೆಲ್ಸೆನ್‌ಸ್ಟೀನ್ ತಂಡ ಮಾಡೇದ. ನಾಲ್ಕ ಅಕ್ಷರಕ್ಕ ನಾಲ್ಕ ಪಟ್ಟಿ ಮಾಡು, ಎ ಇದ್ದಲ್ಲೆ 1 ಇಲ್ಲದಲ್ಲೆ 0, ಹಂಗ ಉಳದವಕ್ಕೂ. ಅಕ್ಷರಕ್ಕ ನಂಬರ್ ಕೊಡೂ ತಗಾದಿನ ಇಲ್ಲ. ನಾಲ್ಕರ ಕೋರಿಲೇಷನ್ ಕೂಡಿಸಿದ್ರ ಯಾವ ಸರಿತಕ್ಕ ಎಷ್ಟ ಅಕ್ಷರ ಹೊಂದತಾವ ಅಂತ ಶಿಖರ ಬರ್ತಾವ. ನಡುವ ಮೂರ ಬೇಸ್ ಸೇರಿತ್ತಂದ್ರ ಸೊನ್ನಿ ಮ್ಯಾಲೊಂದು, ಮೂರರ ಮ್ಯಾಲೊಂದು, ಎರಡ ಶಿಖರ. ಇವತ್ತ ಅಲೈನ್‌ಮೆಂಟಿಗೆ ನೀವು ಬಳಸೋ ಮಾಫ್ಟ್ 2002ರಾಗ ಬಂದಾಗ ಹಿಂತಾ ಎಫ್‌ಎಫ್‌ಟಿ ಮ್ಯಾಲನ ನಿಂತಿತ್ತು. ಅಲೈನ್‌ಮೆಂಟ್ ಬ್ಯಾರೆ, ಚಿತ್ರ ಬ್ಯಾರೆ ಅಂತ ಜಗಳಾಡೂದ ಬ್ಯಾಡ.

ಸಾಗರದ_ಹುಡುಗಿ:
ಈಗ ಪ್ಲಾನ್ ಹೀಗೆ ಮಾಡ್ಕೊಂಡಿದೀನಿ. ಮೊದಲು ಮಾಫ್ಟ್‌ನಲ್ಲಿ ಅಲೈನ್ ಮಾಡಿ ಶೇಕಡಾ ತೆಗಿಯೋದು, ಡಾಟ್ ಪ್ಲಾಟ್ ಎರಡು ಕಿಟಕಿಯಲ್ಲಿ ಹಾಕೋದು, ಕೇಯಾಸ್ ಗೇಮ್ ಚಿತ್ರಕ್ಕೆ ಯೂಕ್ಲಿಡ್ ಮತ್ತೆ ಎಸ್‌ಎಸ್‌ಐಎಂ ಎರಡೂ, ಆಮೇಲೆ ಕಲಸೋ ಪರೀಕ್ಷೆ. ನನ್ನ ಜೊತೆಗಾರನೂ ಈ ಥ್ರೆಡ್ ಪೂರ್ತಿ ಓದಿ ಒಪ್ಕೊಂಡ, ಈಗ ಅವನಿಗೇ ಜಾಸ್ತಿ ಉತ್ಸಾಹ. ಕೆ ಎಷ್ಟು ಇಡ್ಲಿ ಅಕ್ಕ? ಅವನು 8 ಅಂತಿದಾನೆ, ಚಿತ್ರ ದೊಡ್ಡದಾಗಿ ಬರುತ್ತೆ ಅಂತ.

ಹಳೇ_ಜೀನೋಮ್:
8 ಬೇಡ. ಮನೆ 65,536 ಆಗುತ್ತೆ, ನಿನ್ನ ಹತ್ರ ಇರೋದು 11 ಸಾವಿರ ಚುಕ್ಕಿ, ಮುಕ್ಕಾಲಿಗಿಂತ ಹೆಚ್ಚು ಮನೆ ಖಾಲಿ, ಆ ಖಾಲಿಗೆ ಏನೂ ಅರ್ಥ ಇರಲ್ಲ. 7 ಇಟ್ರೂ 16,384. 6ಕ್ಕೆ 4,096, ಮನೆಗೆ ಸರಾಸರಿ ಮೂರೂ ಬರಲ್ಲ. 5ಕ್ಕೆ 1,024 ಮನೆ, ಮನೆಗೆ ಹತ್ತರ ಮೇಲೆ, ಆದ್ರೂ ಬರೀ ಅದೃಷ್ಟದಿಂದ ಬರೋ ಎಣಿಕೆಯ ಏರುಪೇರೇ ಮೂರರಷ್ಟು. 4ಕ್ಕೆ 256 ಮನೆ, ಮನೆಗೆ ಸುಮಾರು 43, ಏರುಪೇರು ಆರೂವರೆ. ನಾನಾದ್ರೆ 4 ಮತ್ತೆ 5 ಎರಡರಲ್ಲೂ ಮಾಡಿ, ಮೂರು ವೈರಸ್‌ಗಳ ಹತ್ತಿರ-ದೂರದ ಕ್ರಮ ಬದಲಾಗುತ್ತಾ ಅಂತ ನೋಡ್ತೀನಿ. ಡೇಟಾಬೇಸಿಂದ ಇಳಿಸ್ಕೊಂಡ ಸೀಕ್ವೆನ್ಸಲ್ಲಿ ಎನ್ ಅಂತ ಅಕ್ಷರ ಬಂದ್ರೆ, ಅಂದ್ರೆ ಮಷೀನ್‌ಗೆ ಓದೋಕಾಗದ ಜಾಗ, ಆ ಎನ್ ಸೇರಿರೋ ಕೆ-ಮರ್‌ಗಳನ್ನ ಎಣಿಸ್ಬೇಡ. ಅರ್ಧಂಬರ್ಧ ಜೀನೋಮ್ ಇರೋ ಎಂಟ್ರಿಗಳನ್ನ ಪೂರ್ತಿ ಇರೋದ್ರ ಜೊತೆ ಸೇರಿಸ್ಬೇಡ. ಮೂರೂ ಸೀಕ್ವೆನ್ಸ್ ಒಂದೇ ಎಳೆಯ ದಿಕ್ಕಲ್ಲಿದೆ ಅನ್ನೋದನ್ನ ಎಣಿಸೋಕೆ ಮುಂಚೆನೇ ನೋಡ್ಕೊ, ಒಂದು ತಿರುಗಿದ್ರೂ ಎ ಟಿ ಮೂಲೆ, ಸಿ ಜಿ ಮೂಲೆ ಎಲ್ಲ ಅದಲುಬದಲಾಗಿ ಇಲ್ಲದ ದೂರ ಇದೆ ಅಂತ ತೋರಿಸುತ್ತೆ. ಡಾಟ್ ಪ್ಲಾಟಲ್ಲಿ ಅದು ತಕ್ಷಣ ಸಿಕ್ಕಿಬೀಳುತ್ತೆ, ಹಾಗಾಗಿ ಅದನ್ನೇ ಮೊದಲು ಹಾಕು.